ಮೊದಲು ಎಸ್‌ಎಂಪಿಎಸ್, ಕೊನೆಗೆ ಗ್ರಾಫಿಕ್ಸ್ ಕಾರ್ಡ್

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಆ ವರ್ಷ ತಿಪಟೂರು ಎಪಿಎಂಸಿಯ ಧಾರಣೆ ಅದಕ್ಕಿಂತ ಬಹಳ ಕೆಳಗೇ ಉಳಿಯಿತು; ನಾಫೆಡ್ ಖರೀದಿಗಾಗಿ ಬೆಳೆಗಾರರು ಹೋರಾಡಬೇಕಾಯಿತು. ಎರಡು ವರ್ಷ ಕಳೆದು 2025ರ ನಡುವಿನ ತಿಂಗಳುಗಳಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ದೊಡ್ಡ ಖರ್ಚುಗಳು ನಡೆಯುವುದು ಇಂಥ ವರ್ಷಗಳಲ್ಲೇ: ಮದುವೆ, ಬೋರ್‌ವೆಲ್, ಮನೆಯ ತಾರಸಿ. ಈಗ ಆ ಸಾಲಿಗೆ ಕಂಪ್ಯೂಟರೂ ಸೇರಿದೆ. ಆಟ ಆಡುವ ಹುಡುಗ, ಎಂಜಿನಿಯರಿಂಗ್ ಓದುತ್ತ ಕ್ಯಾಡ್ ಮಾಡುವ ಹುಡುಗಿ, ಮದುವೆ ವಿಡಿಯೊ ಎಡಿಟ್ ಮಾಡಿ ಆಲ್ಬಂ ಕೂರಿಸುವ ಸ್ಟುಡಿಯೊದವನು, ಈ ಮೂವರೂ ಕೇಳುವುದು ಹೆಚ್ಚುಕಡಿಮೆ ಒಂದೇ ಯಂತ್ರ. ಅರವತ್ತು ಸಾವಿರದಿಂದ ಒಂದೂವರೆ ಲಕ್ಷದವರೆಗಿನ ಅಸೆಂಬಲ್ ಕಂಪ್ಯೂಟರ್. ಅಷ್ಟು ದುಡ್ಡು ಮನೆಯಲ್ಲಿ ಮತ್ತೆ ಒಟ್ಟಿಗೆ ಕೂಡುವುದು ಯಾವಾಗಲೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಇಲ್ಲಿ ಬಾಳಿಕೆಯ ಪ್ರಶ್ನೆ ಬೆಂಗಳೂರಿನ ಸಂಬಳದಾರನಿಗಿಂತ ಹೆಚ್ಚು ತೂಕದ್ದು.

ಬಿಡಿಭಾಗ ಆರಿಸಲು ಎಲ್ಲೆಲ್ಲೂ ಸಿಗುವ ಸಲಹೆ ಒಂದೇ ತರಹದ್ದು. ಬಜೆಟ್ಟಿನ ಅರ್ಧ ಗ್ರಾಫಿಕ್ಸ್ ಕಾರ್ಡಿಗೆ, ಉಳಿದದ್ದರಲ್ಲಿ ಪ್ರೊಸೆಸರು ಮತ್ತು ರ‍್ಯಾಮ್, ಕೊನೆಗೆ ಏನಾದರೂ ಮಿಕ್ಕರೆ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ತು ಹಂಚುವ ಪೆಟ್ಟಿಗೆ) ಮತ್ತು ಕ್ಯಾಬಿನೆಟ್. ಈ ಪಟ್ಟಿ ಬರೆಯುವವರ ಊರಿನಲ್ಲಿ ಕರೆಂಟು ಸರಿಯಾಗಿರುತ್ತದೆ, ಕೋಣೆಯಲ್ಲಿ ಧೂಳಿರುವುದಿಲ್ಲ, ಕೆಟ್ಟದ್ದನ್ನು ಅದೇ ಊರಿನ ಸೇವಾ ಕೇಂದ್ರಕ್ಕೆ ಕೊಟ್ಟು ಬರಬಹುದು. ತೆಂಗಿನ ಸೀಮೆಯಲ್ಲಿ ಈ ಮೂರನ್ನೂ ನೆಚ್ಚಿಕೊಳ್ಳುವಂತಿಲ್ಲ. ನನ್ನ ವಾದ ಇಷ್ಟು: ಇಲ್ಲಿನವರು ಆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೊದಲು ಮನೆಗೆ ಬರುವ ವಿದ್ಯುತ್ತು, ಆಮೇಲೆ ಬಿಸಿ ಮತ್ತು ಧೂಳು, ಆಮೇಲೆ ಮದರ್‌ಬೋರ್ಡು, ಇಷ್ಟೂ ಗಟ್ಟಿಯಾದ ಮೇಲೆ ಉಳಿದ ಹಣಕ್ಕೆ ಬರುವ ಗ್ರಾಫಿಕ್ಸ್ ಕಾರ್ಡು. ಏಕೆಂದರೆ ಯಂತ್ರದಲ್ಲಿ ಎಲ್ಲಕ್ಕಿಂತ ಬೇಗ ಹಳತಾಗುವ ಭಾಗ ಅದು, ಸುಲಭವಾಗಿ ಬದಲಿಸಬಹುದಾದ ದುಬಾರಿ ಭಾಗವೂ ಅದೇ.

ವಿದ್ಯುತ್ತಿನಿಂದ ಶುರುಮಾಡೋಣ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಲೈನು ಮತ್ತು ಪಂಪ್‌ಸೆಟ್ಟಿನ ಲೈನು ಬೇರೆಯಾದ ಮೇಲೆ ಊರೊಳಗಿನ ಮನೆಗಳ ಪಾಡು ಎಷ್ಟೋ ಸುಧಾರಿಸಿದೆ. ತೋಟದ ಮನೆಗಳದ್ದು ಬೇರೆಯೇ ಕಥೆ. ಅವುಗಳಲ್ಲಿ ಅನೇಕವು ಪಂಪ್‌ಸೆಟ್ಟಿನ ಲೈನಿನಲ್ಲೇ ಇವೆ. ತ್ರೀ ಫೇಸ್ ಬಂದ ಕೂಡಲೇ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ. ತ್ರೀ ಫೇಸ್ ಹೋದ ಮೇಲೆ ದೀಪಕ್ಕೆಂದು ಓಪನ್ ಡೆಲ್ಟಾದಲ್ಲಿ ಬಿಡುವ ಕರೆಂಟಿನಲ್ಲೂ ಕನ್ವರ್ಟರ್ ಹಾಕಿ ಮೋಟಾರು ಓಡಿಸುವವರಿದ್ದಾರೆ. ಆಗ ದೀಪ ಮಂಕಾಗಿ ಮಿಣುಕುವುದನ್ನು ತೋಟದಲ್ಲಿ ರಾತ್ರಿ ಕಳೆದವರೆಲ್ಲ ಕಂಡಿದ್ದಾರೆ.

ಇದನ್ನು ನೋಡಿದವರು ಮೊದಲು ಹೆದರುವುದು ಕಡಿಮೆ ವೋಲ್ಟೇಜಿಗೆ, ಮೊದಲು ಕೊಳ್ಳುವುದು ಸ್ಟೆಬಿಲೈಸರ್. ಕಂಪ್ಯೂಟರಿನ ಮಟ್ಟಿಗೆ ಆ ಹೆದರಿಕೆ ಅಷ್ಟು ಸರಿಯಲ್ಲ. ಒಳ್ಳೆಯ ಎಸ್‌ಎಂಪಿಎಸ್‌ನ ಪಟ್ಟಿಯ ಮೇಲೆ 100–240 ವೋಲ್ಟ್ ಎಂದು ಬರೆದಿರುತ್ತದೆ. 160ಕ್ಕೆ ಇಳಿದರೂ ಅದು ಹೆಚ್ಚು ಕರೆಂಟು ಎಳೆದುಕೊಂಡು ಕೆಲಸ ಮುಂದುವರಿಸುತ್ತದೆ. ಅಗ್ಗದ ಎಷ್ಟೋ ಎಸ್‌ಎಂಪಿಎಸ್‌ಗಳ ಮೇಲೆ 200–240 ಎಂದಿರುತ್ತದೆ, ಅವಕ್ಕೆ ಈ ತಾಳಿಕೆ ಇಲ್ಲ. ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ ಈ ಒಂದು ಸಾಲು ಓದುವುದಕ್ಕೆ ಖರ್ಚೇನೂ ಇಲ್ಲ.

ನಿಜವಾಗಿ ಕೊಲ್ಲುವುದು ಹೆಚ್ಚು ವೋಲ್ಟೇಜು. ಗಾಳಿಗೆ ಗರಿ ಬಿದ್ದೋ, ಹಳೆಯ ಜಾಯಿಂಟು ಸಡಿಲವಾಗಿಯೋ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಬರುವ ನ್ಯೂಟ್ರಲ್ ತಂತಿ ಕಡಿದರೆ, 230 ಬರಬೇಕಾದ ಮನೆಗೆ 400ರ ಹತ್ತಿರದವರೆಗೂ ಏರಬಹುದು. ಒಂದು ಬೀದಿಯ ಟಿವಿ, ಫ್ರಿಜ್ಜು, ಬಲ್ಬು ಒಟ್ಟಿಗೆ ಸುಟ್ಟವೆಂಬ ಸುದ್ದಿ ಕೇಳಿದರೆ ಬಹುಪಾಲು ಕಾರಣ ಇದೇ. ಸರ್ಜ್ ಪ್ರೊಟೆಕ್ಟರ್ ಎಂದು ಮಾರುವ ಎಕ್ಸ್‌ಟೆನ್ಶನ್ ಬೋರ್ಡು ಇಲ್ಲಿ ಕಾಪಾಡುವುದಿಲ್ಲ. ಅದು ಕ್ಷಣಮಾತ್ರದ ಏರಿಕೆಯನ್ನು ನುಂಗಲು ಮಾಡಿದ್ದು. ನಿಮಿಷಗಟ್ಟಲೆ ನಿಂತ 350 ವೋಲ್ಟಿಗೆ ಮೊದಲು ಅದೇ ಸುಡುತ್ತದೆ. ಬೇಕಾದದ್ದು ವೋಲ್ಟೇಜ್ ಮಿತಿ ಮೀರಿದೊಡನೆ ಲೈನನ್ನೇ ಕಡಿದುಬಿಡುವ ಹೈ–ಲೋ ಕಟಾಫ್. ಮೀಟರಿನ ಪಕ್ಕದಲ್ಲಿ ಎಂಸಿಬಿಯ ಹಾಗೆ ಕೂರುವ ಈ ಸಾಧನದ ಬೆಲೆ ಒಂದು ಬಣ್ಣದ ದೀಪದ ಕೂಲರಿಗಿಂತ ಕಡಿಮೆ. ಕಂಪ್ಯೂಟರ್ ಬಜೆಟ್ಟಿನ ಮೊದಲ ಸಾಲಿನಲ್ಲಿ ಅದು ಇರಬೇಕೆಂದು ನಾನು ಹಟ ಹಿಡಿಯುತ್ತೇನೆ.

ಅದರ ಜೊತೆಗೇ ಅರ್ಥಿಂಗ್. ಹಳೆಯ ಮನೆಗಳ ಸಾಕೆಟ್ಟಿನಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿ ಇರುವುದಿಲ್ಲ. ಅಂಥಲ್ಲಿ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳನ್ನು ಚೂರು ಕರೆಂಟನ್ನು ಅರ್ಥಿಗೆ ಹರಿಸುವಂತೆಯೇ ಮಾಡಿರುತ್ತಾರೆ. ಅರ್ಥಿಂಗ್ ಇಲ್ಲದಿದ್ದರೆ ಅದು ಲೋಹದ ಮೈಮೇಲೆ ಉಳಿಯುತ್ತದೆ. ಆ ಜುಮ್ಮು ಪೆನ್‌ಡ್ರೈವ್, ಕ್ಯಾಮೆರಾ, ಮಾನಿಟರ್ ಕೇಬಲ್ಲುಗಳ ಮೂಲಕವೂ ಹಾದುಹೋಗುತ್ತದೆ, ಪೋರ್ಟುಗಳು ಒಂದೊಂದಾಗಿ ಸಾಯುತ್ತವೆ. ಗುಂಡಿ ತೋಡಿ, ಪೈಪು ಹೂತು, ಇದ್ದಿಲು ಉಪ್ಪು ತುಂಬಿ, ಬೇಸಿಗೆಯಲ್ಲಿ ನೀರು ಹಾಕುತ್ತಿದ್ದರೆ ಸಾಕು. ನ್ಯೂಟ್ರಲ್‌ಗೇ ಅರ್ಥ್ ಸೇರಿಸಿ ಕೊಡುತ್ತೇನೆ ಎನ್ನುವ ವೈರ್‌ಮನ್‌ಗೆ ಮಾತ್ರ ಖಂಡಿತ ಬೇಡ ಎನ್ನಬೇಕು. ನ್ಯೂಟ್ರಲ್ ಕಡಿದ ದಿನ ಅದೇ ತಂತಿ ಇಡೀ ಕ್ಯಾಬಿನೆಟ್ಟಿಗೆ ಕರೆಂಟು ತರುತ್ತದೆ. ಇನ್ನು ಏಪ್ರಿಲ್–ಮೇ ತಿಂಗಳ ಗುಡುಗು ಮಳೆ. ಎತ್ತರದ ತೆಂಗಿಗೆ ಸಿಡಿಲು ಹೊಡೆಯುವುದು ಇಲ್ಲಿ ಹೊಸದಲ್ಲ, ಹತ್ತಿರದ ಸಿಡಿಲನ್ನು ತಡೆಯುವ ಮನೆಬಳಕೆಯ ಸಾಧನವೂ ಇಲ್ಲ. ಪ್ಲಗ್ ಕೀಳಬೇಕು, ರೌಟರಿನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಬೇಕು. ಫೈಬರ್ ದಾರ ಕರೆಂಟು ತರುವುದಿಲ್ಲ ನಿಜ, ಆದರೆ ರೌಟರಿನ ಅಡಾಪ್ಟರ್ ಅದೇ ಲೈನಿನಲ್ಲಿದೆ.

ಈಗ ಎಸ್‌ಎಂಪಿಎಸ್ಸಿಗೇ ಬರೋಣ. ತೆಂಗಿನ ಸಸಿ ಕೊಳ್ಳುವಾಗ ಗರಿಯ ಹಸಿರಿಗೆ ಮರುಳಾಗದೆ ತಾಯಿಮರ ಯಾವುದೆಂದು ಕೇಳುವ ರೈತ, ಎಸ್‌ಎಂಪಿಎಸ್ ಕೊಳ್ಳುವಾಗಲೂ ಅದೇ ಬುದ್ಧಿ ಉಪಯೋಗಿಸಬೇಕು. ಪೆಟ್ಟಿಗೆಯ ಮೇಲಿನ ವ್ಯಾಟ್ ಸಂಖ್ಯೆ ಬರೀ ಗರಿ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎನ್ನುವುದು ಎಷ್ಟು ಕರೆಂಟು ಬಿಸಿಯಾಗಿ ಪೋಲಾಗುತ್ತದೆ ಎಂಬುದರ ಅಳತೆ. ಒಳಗಿನ ರಕ್ಷಣೆ ಎಷ್ಟು ಗಟ್ಟಿ ಎಂಬುದನ್ನು ಅದು ಹೇಳುವುದಿಲ್ಲ. ಏಳು ಅಥವಾ ಹತ್ತು ವರ್ಷದ ವಾರಂಟಿ, 105 ಡಿಗ್ರಿಯ ಕೆಪಾಸಿಟರುಗಳು, ಎಟಿಎಕ್ಸ್ 3.0 ಅಥವಾ 3.1ಕ್ಕೆ ಹೊಂದಿಕೆ, ಇವು ಹೇಳುತ್ತವೆ. ಇಂದಿನ ಗ್ರಾಫಿಕ್ಸ್ ಕಾರ್ಡುಗಳು ಮಿಲಿಸೆಕೆಂಡುಗಳ ಕಾಲ ತಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚು ಎಳೆಯುವುದರಿಂದ 2022ರಲ್ಲಿ ಎಟಿಎಕ್ಸ್ 3.0 ಎಂಬ ಆ ಹೊಸ ನಿಯಮ ಬಂತು. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್ ಮೇಲೆ ಅರವತ್ತು ಸಾವಿರದ ಯಂತ್ರ ನಿಲ್ಲಿಸುವುದು ನನಗೆ ಸಹಿಸಲಾಗದ ಸಂಗತಿ. ಅದು ಸುಡುವಾಗ ಒಂಟಿಯಾಗಿ ಸುಡುವ ಖಾತರಿ ಇಲ್ಲ, ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಕರೆಂಟು ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಚೈತನ್ಯದಿಂದ 12ರಿಂದ 17 ಮಿಲಿಸೆಕೆಂಡು ತಡೆದುಕೊಳ್ಳುತ್ತದೆ. ಯುಪಿಎಸ್ 4ರಿಂದ 10 ಮಿಲಿಸೆಕೆಂಡಿನಲ್ಲಿ ಬದಲಾಗುತ್ತದೆ, ಹಾಗಾಗಿ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಗಳಲ್ಲಿರುವ ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರು ಸಾಮಾನ್ಯ ಮೋಡಿನಲ್ಲಿ ಅಷ್ಟು ಚುರುಕಲ್ಲ. ಅದರ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ ಇರುತ್ತದೆ, ಅದನ್ನು ಹಾಕಬೇಕು. ಅದು ಪ್ಯೂರ್ ಸೈನ್ ವೇವ್ ಇನ್ವರ್ಟರ್ ಆಗಿರಬೇಕು. ಸ್ಕ್ವೇರ್ ವೇವ್ ಇನ್ವರ್ಟರಿನೊಡನೆ ಒಳ್ಳೆಯ ಎಸ್‌ಎಂಪಿಎಸ್‌ಗಳೂ ಮುನಿಸಿಕೊಳ್ಳುತ್ತವೆ. ಅಂಗಡಿಯಲ್ಲಿ ಎಲ್ಲರಿಗೂ ಕೊಡುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ. ಆಟ ನಡೆಯುತ್ತಿರುವ ದೊಡ್ಡ ಯಂತ್ರ ಅದನ್ನು ಮೀರಿದರೆ ಕರೆಂಟು ಹೋದ ಕ್ಷಣವೇ ಯುಪಿಎಸ್ ಕೂಡ ಕೈಬಿಡುತ್ತದೆ. 1100 ವಿಎಗೆ ಹೋಗುವುದು ಲೇಸು.

ಬಿಸಿ ಮತ್ತು ಧೂಳಿನ ವಿಷಯ ಬೇಗ ಮುಗಿಸಬಹುದು. ಎಲೆಕ್ಟ್ರೊಲಿಟಿಕ್ ಕೆಪಾಸಿಟರು ಕೆಲಸ ಮಾಡುವ ಜಾಗದ ಉಷ್ಣತೆ 10 ಡಿಗ್ರಿ ಇಳಿದರೆ ಅದರ ಆಯುಸ್ಸು ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರುಗಳು ಬಹುಕಾಲದಿಂದ ನೆಚ್ಚಿರುವ ಲೆಕ್ಕ. ಶೀಟಿನ ಮನೆಯ ಏಪ್ರಿಲ್ ಮಧ್ಯಾಹ್ನ ಈ ಲೆಕ್ಕ ಬರೀ ಪುಸ್ತಕದ್ದಾಗಿ ಉಳಿಯುವುದಿಲ್ಲ. ಅದಕ್ಕೇ ಮುಂಭಾಗ ಗಾಜಿನದಾಗಿರದೆ ಜಾಲರಿಯದಾಗಿರುವ, ಫಿಲ್ಟರ್ ಬಿಚ್ಚಿ ತೊಳೆಯಬಹುದಾದ ಕ್ಯಾಬಿನೆಟ್ ಬೇಕು. ಒಳಗೆಳೆಯುವ ಫ್ಯಾನುಗಳು ಹೊರದಬ್ಬುವವಕ್ಕಿಂತ ಒಂದು ಹೆಚ್ಚಿದ್ದರೆ ಗಾಳಿ ಫಿಲ್ಟರಿನ ಮೂಲಕವೇ ಬರುತ್ತದೆ. ತೆಂಗಿನ ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹೀರಿ ಹಿಡಿದಿಡುವಂಥದ್ದು. ನಾರಿನ ಕಾರ್ಖಾನೆಯ ಹತ್ತಿರವಿದ್ದರೆ, ಮಳೆಗಾಲಕ್ಕೆ ಮುಂಚೆ ಬೋರ್ಡಿನ ಮೇಲೆ ಕೂತ ಆ ಪುಡಿಯನ್ನು ಬ್ಲೋವರಿನಲ್ಲಿ ಊದಿಸಲೇಬೇಕು. ಲಿಕ್ವಿಡ್ ಕೂಲರ್ ಬೇಡ. ಅದರ ಪಂಪು ನಿಂತರೆ ಇಡೀ ಕೂಲರನ್ನೇ ಬಿಸಾಡಬೇಕು. ಲೋಹದ ಟವರ್ ಕೂಲರಿನಲ್ಲಿ ಕೆಡುವುದು ಫ್ಯಾನೊಂದೇ, ಅದು ಎಲ್ಲಿ ಬೇಕಾದರೂ ಸಿಗುತ್ತದೆ. ಅಟ್ಟದಲ್ಲಿ ಕಾಯಿ ತುಂಬಿದ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ, ಕ್ಯಾಬಿನೆಟ್ಟಿನ ಹಿಂದಿನ ಖಾಲಿ ಸ್ಲಾಟುಗಳಿಗೆ ತಗಡು ಮುಚ್ಚಿರಬೇಕು. ನೆಲ ತೊಳೆಯುವ ಮನೆಯಲ್ಲಿ ಕ್ಯಾಬಿನೆಟ್ ನೆಲದ ಮೇಲಿರಬಾರದು.

ಬಾಳಿಕೆಯ ಇನ್ನೊಂದು ಅರ್ಥ ಮದರ್‌ಬೋರ್ಡಿನಲ್ಲಿದೆ. 2017ರ ಜನವರಿಯಲ್ಲಿ ಇಂಟೆಲ್‌ನ ಏಳನೆಯ ತಲೆಮಾರು ಬಂತು, ಮಾರ್ಚಿನಲ್ಲಿ ಎಎಂಡಿಯ ಮೊದಲ ರೈಜನ್. ಅಂದು ಇಂಟೆಲ್ ಬೋರ್ಡ್ ಕೊಂಡವನಿಗೆ ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಎಂಟನೆಯ ತಲೆಮಾರೂ ದಕ್ಕಲಿಲ್ಲ. ಸಾಕೆಟ್ಟಿನ ಹೆಸರು ಒಂದೇ ಆಗಿದ್ದರೂ ಬೋರ್ಡು ಹೊಸದೇ ಬೇಕಾಯಿತು. ರೈಜನ್‌ಗೆಂದು ಎಎಂ4 ಸಾಕೆಟ್ಟಿನ ಬೋರ್ಡ್ ಕೊಂಡವನು ಮಾತ್ರ ಐದು ವರ್ಷ ತಡೆದು, 2022ರಲ್ಲಿ ಬಯೋಸ್ ಅಪ್‌ಡೇಟ್ ಮಾಡಿ, ಆ ಏಪ್ರಿಲಿನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಕೂರಿಸಬಹುದಿತ್ತು. ಆಟಕ್ಕೆ ಅಂದಿನ ಅತ್ಯಂತ ವೇಗದ ಚಿಪ್ಪುಗಳಲ್ಲಿ ಅದೊಂದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ ನಿಲ್ಲಿಸಿದಾಗ ಈ ಎರಡು ದಾರಿಗಳ ಅಂತರ ಇನ್ನೂ ಢಾಳಾಗಿ ಕಂಡಿತು. ಏಳನೆಯ ತಲೆಮಾರಿನ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಮೊದಲ ರೈಜನ್‌ಗೂ ಇಲ್ಲ, ಆದರೆ ಅದೇ ಹಳೆಯ ಬೋರ್ಡಿನಲ್ಲಿ 5000 ಸರಣಿಯ ಚಿಪ್ಪು ಹಾಕಿದವನಿಗೆ ಉಂಟು. ಇಡೀ ಯಂತ್ರವನ್ನು ತಿಪ್ಪೆಯಿಂದ ಉಳಿಸಿದ್ದು ಸಾಕೆಟ್ ಬದಲಾಯಿಸದ ಒಂದು ನಿರ್ಧಾರ.

ಆದ್ದರಿಂದ ಇವತ್ತು ಕೊಳ್ಳುವವರಿಗೆ ನನ್ನ ಒಲವು ಎಎಂ5ರ ಕಡೆ. 2022ರಲ್ಲಿ ಬಂದ ಈ ಸಾಕೆಟ್ಟಿಗೆ 2027ರವರೆಗೂ ಅದರಾಚೆಗೂ ಹೊಸ ಚಿಪ್ಪು ಕೊಡುವುದಾಗಿ ಎಎಂಡಿ ಹೇಳಿದೆ. ಮಾರುವವರ ಮಾತನ್ನು ಪೂರ್ತಿ ನಂಬಬೇಕೆಂದು ನಾನು ಹೇಳುತ್ತಿಲ್ಲ, ಆದರೆ ಎಎಂ4ರಲ್ಲಿ ಆ ಮಾತು ಉಳಿದದ್ದು ಕಣ್ಣ ಮುಂದಿದೆ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ದೊಡ್ಡ ಚಿಪ್ಪುಗಳು ಅತಿ ವೋಲ್ಟೇಜಿನಿಂದ ಒಳಗೊಳಗೇ ಸವೆಯುತ್ತಿದ್ದುದು 2024ರಲ್ಲಿ ಬಯಲಾಯಿತು. ಕಂಪನಿ ಮೈಕ್ರೊಕೋಡ್ ತಿದ್ದಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಂಥ ಚಿಪ್ಪು ಅಗ್ಗಕ್ಕೆ ಸಿಕ್ಕರೆ, ಹಿಂದಿನ ಯಜಮಾನ ಆ ತಿದ್ದುಪಡಿ ಹಾಕಿಸಿದ್ದನೇ ಎಂದು ತಿಳಿಯುವ ದಾರಿಯಿಲ್ಲ. ಬಿಡುವುದೇ ವಾಸಿ.

ಹಾಗೆಂದು ಇಂಟೆಲ್ ಯಾರಿಗೂ ಬೇಡವೆಂದಲ್ಲ. ಮದುವೆ ಚಿತ್ರಿಸುವವರ ಕೈಗೆ ಈಗ 10 ಬಿಟ್ 4:2:2 ವಿಡಿಯೊ ತೆಗೆಯುವ ಕ್ಯಾಮೆರಾಗಳು ಬಂದಿವೆ. ಆ ಎಚ್.265 ಫೈಲನ್ನು ಟೈಮ್‌ಲೈನಿನಲ್ಲಿ ತೊಡಕಿಲ್ಲದೆ ಓಡಿಸಲು ಹಾರ್ಡ್‌ವೇರ್ ಡಿಕೋಡರ್ ಬೇಕು. ಇಂಟೆಲ್ ಚಿಪ್ಪಿನೊಳಗಿನ ಗ್ರಾಫಿಕ್ಸಿನಲ್ಲಿ ಅದು ಕೆಲವು ವರ್ಷಗಳಿಂದ ಇದೆ. ಎನ್ವಿಡಿಯಾದ ಗೇಮಿಂಗ್ ಕಾರ್ಡುಗಳಲ್ಲಿ ಬಂದದ್ದು 2025ರ 50 ಸರಣಿಯಲ್ಲಿ. ನಲವತ್ತು ಸಾವಿರದ ಹಳೆಯ ಕಾರ್ಡು ಹಾಕಿಯೂ ಮುಹೂರ್ತದ ಕ್ಲಿಪ್ಪು ತಡವರಿಸುವ ಸ್ಟುಡಿಯೊಗಳಿವೆ ಎಂದರೆ, ಅಲ್ಲಿ ಸೋತದ್ದು ಕಾರ್ಡಿನ ಶಕ್ತಿ ಅಲ್ಲವೇ ಅಲ್ಲ. ತನ್ನ ಕ್ಯಾಮೆರಾ ಯಾವ ಫೈಲು ಕೊಡುತ್ತದೆಂದು ಕೊಳ್ಳುವ ಮೊದಲು ಯಾರೂ ನೋಡಲಿಲ್ಲ.

ಪ್ರೊಸೆಸರ್ ಯಾವುದೇ ಇರಲಿ, ಒಳಗೆ ಗ್ರಾಫಿಕ್ಸ್ ಇರುವುದನ್ನೇ ಆರಿಸಬೇಕು. ಹೆಸರಿನ ಕೊನೆಯಲ್ಲಿ ಎಫ್ ಇರುವ ಚಿಪ್ಪು ಸಾವಿರ–ಎರಡು ಸಾವಿರ ಅಗ್ಗ, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಕಾರ್ಡು ಕೆಟ್ಟರೆ ಅದು ವಾರಂಟಿಗೆಂದು ಬೆಂಗಳೂರಿಗೆ ಹೋಗಿ ಬರಲು ವಾರಗಳೇ ಹಿಡಿಯಬಹುದು. ಆ ಹೊತ್ತಿಗೆ ವೈಶಾಖದ ಲಗ್ನಗಳು ಸಾಲುಗಟ್ಟಿದ್ದರೆ? ಒಳಗ್ರಾಫಿಕ್ಸ್ ಇದ್ದರೆ ನಿಧಾನವಾಗಿಯಾದರೂ ಆಲ್ಬಂ ಕೂರುತ್ತದೆ, ಪ್ರಾಜೆಕ್ಟ್ ವರದಿ ಪ್ರಿಂಟಿಗೆ ಹೋಗುತ್ತದೆ. ಇದಿಲ್ಲದ ಯಂತ್ರ ಆ ದಿನಗಳಲ್ಲಿ ಬರೀ ಡಬ್ಬ.

ಕೊನೆಗೆ ಗ್ರಾಫಿಕ್ಸ್ ಕಾರ್ಡು. ಇಲ್ಲಿ ಬಾಳಿಕೆ ತೀರ್ಮಾನಿಸುವುದು ಬಹುಮಟ್ಟಿಗೆ ಅದರ ಮೆಮೊರಿ. 2016ರಲ್ಲಿ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ 3 ಜಿಬಿ, 6 ಜಿಬಿ ಎರಡು ಬಂದವು. ಕೆಲವೇ ವರ್ಷಗಳಲ್ಲಿ 3 ಜಿಬಿಯದು ಹೊಸ ಆಟಗಳಿಗೆ ಸಾಲದಾಯಿತು, ಇನ್ನೊಂದು ಬಹುಕಾಲ ಓಡಿತು. ಈಗ ಆರ್‌ಟಿಎಕ್ಸ್ 5060 ಟಿಐ ಮತ್ತು ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಸಿಗುತ್ತಿವೆ, ಅದೇ ಕಥೆ ಮರುಕಳಿಸುವ ಲಕ್ಷಣ ಕಾಣುತ್ತಿದೆ. ಮೇಲಿನ ದರ್ಜೆಗೆ ಹಾರುವ ಬದಲು ನಡುವಿನ ದರ್ಜೆಯಲ್ಲಿ ಹೆಚ್ಚು ಮೆಮೊರಿಯದನ್ನು ಕೊಳ್ಳುವುದೇ ಸರಿ. ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವವರಿಗೆ ಎನ್ವಿಡಿಯಾ, ಬರೀ ಆಟದವರಿಗೆ ಎರಡೂ ಆದೀತು. ನಾಲ್ಕೈದು ವರ್ಷಕ್ಕೆ ಇದೊಂದನ್ನು ಬದಲಿಸುವುದೆಂದು ಮೊದಲೇ ಒಪ್ಪಿಕೊಂಡರೆ, ಉಳಿದ ಯಂತ್ರ ಹತ್ತು ವರ್ಷ ನಡೆಯಬಲ್ಲದು. ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಆಟದಲ್ಲಿ 350 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 4 ಗಂಟೆ ನಡೆದರೆ ತಿಂಗಳಿಗೆ 42 ಯೂನಿಟ್. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಸಿಗುವುದು ಆ ಮನೆಯ ಹಿಂದಿನ ಸರಾಸರಿಗೆ ಒಂದಿಷ್ಟು ಸೇರಿಸಿದಷ್ಟು ಮಾತ್ರ. ಸರಾಸರಿ 60 ಯೂನಿಟ್ ಇದ್ದ ಮನೆಗೆ, ಬಳಕೆ ಯೋಜನೆಯ 200 ಯೂನಿಟ್ ಮಿತಿಯ ಒಳಗಿದ್ದರೂ, ಬಿಲ್ ಬರತೊಡಗುತ್ತದೆ.

ಇಷ್ಟಕ್ಕೂ ಇದೆಲ್ಲ ಏಕೆ, ಅಗ್ಗದ್ದನ್ನು ಕೊಂಡು ಮೂರು ವರ್ಷಕ್ಕೊಮ್ಮೆ ಬದಲಿಸಿದರಾಯಿತು ಎಂಬ ವಾದವೂ ಗಟ್ಟಿಯಾಗಿಯೇ ಇದೆ. ತಂತ್ರಜ್ಞಾನ ಎತ್ತ ಓಡುತ್ತದೆಂದು ಯಾರೂ ಹೇಳಲಾರರು, ಹತ್ತು ವರ್ಷದ ಲೆಕ್ಕ ಗಾಳಿಗೋಪುರ ಎನ್ನುತ್ತಾರೆ. ತಿಂಗಳ ಸಂಬಳ ಬರುವವರಿಗೆ ಈ ಮಾತು ಒಪ್ಪಬಹುದು. ಕೊಬ್ಬರಿಯ ಧಾರಣೆ ನೆಚ್ಚಿದ ಮನೆಯಲ್ಲಿ ಮೂರನೆಯ ವರ್ಷ 25 ಸಾವಿರದ್ದೋ 8 ಸಾವಿರದ್ದೋ ಯಾರು ಬಲ್ಲರು? ಬದಲಿಸುವ ಸಮಯ ಕೆಟ್ಟ ವರ್ಷಕ್ಕೆ ಬಿದ್ದರೆ ಆ ಯೋಜನೆ ಅಲ್ಲಿಗೇ ಮುರಿಯಿತು. ಒಳ್ಳೆಯ ಎಸ್‌ಎಂಪಿಎಸ್, ಬೋರ್ಡು, ಕ್ಯಾಬಿನೆಟ್ಟು, ಮಾನಿಟರು ಮಾತ್ರ ಕೆಟ್ಟ ವರ್ಷವನ್ನು ಸುಮ್ಮನೆ ದಾಟುತ್ತವೆ. ಗೇಮಿಂಗ್ ಲ್ಯಾಪ್‌ಟಾಪ್ ಈ ಕಾರಣಕ್ಕೇ ಇಲ್ಲಿ ಸೋಲುತ್ತದೆ. ಅದರ ಬ್ಯಾಟರಿಯೇ ಯುಪಿಎಸ್ ಎನ್ನುವುದು ದೊಡ್ಡ ಅನುಕೂಲ, ಆದರೆ ಗ್ರಾಫಿಕ್ಸ್ ಚಿಪ್ಪು ಬೋರ್ಡಿಗೆ ಬೆಸುಗೆಯಾಗಿರುತ್ತದೆ; ಅದು ಹೋದರೆ ಎಲ್ಲವೂ ಹೋದಂತೆ.

ನನ್ನ ಪಟ್ಟಿ ಸಡಿಲವಾಗುವ ಜಾಗ ಒಂದಿದೆ, ರ‍್ಯಾಮ್. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಗೆ ಸಿಕ್ಕಿ ಮೆಮೊರಿಯ ಬೆಲೆ ವಿಪರೀತ ಏರಿದೆ. ಕ್ರೂಷಿಯಲ್ ಹೆಸರಿನಲ್ಲಿ ಮನೆಬಳಕೆಗೆ ಮಾರುತ್ತಿದ್ದ ವ್ಯವಹಾರವನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಆ ಡಿಸೆಂಬರಿನಲ್ಲಿ ಘೋಷಿಸಿತು. ಇಂಥ ಹೊತ್ತಿನಲ್ಲಿ ಮುಂದಿನ ಹತ್ತು ವರ್ಷಕ್ಕೆಂದು 64 ಜಿಬಿ ತುಂಬಿಸುವುದು ದುಡ್ಡು ಸುರಿದಂತೆ. ಎಂಟೆಂಟರ ಜೋಡಿ ಹಾಕಿಸಿದರೆ ನಾಳೆ ಎರಡನ್ನೂ ಕಿತ್ತು ಹಾಕಬೇಕಾಗುತ್ತದೆ. ಏಕೆಂದರೆ ಅವುಗಳ ಜೊತೆ ಇನ್ನೆರಡು ಸೇರಿಸಿ ನಾಲ್ಕೂ ಸ್ಲಾಟ್ ತುಂಬಿದರೆ ಡಿಡಿಆರ್5ರ ವೇಗ ಇಳಿಯುತ್ತದೆ. ಸದ್ಯಕ್ಕೆ 16 ಜಿಬಿಯ ಒಂದೇ ಸ್ಟಿಕ್ ಹಾಕಿ, ಸ್ವಲ್ಪ ವೇಗ ಕಡಿಮೆಯಾದರೂ ಸಹಿಸಿಕೊಂಡು, ಬೆಲೆ ಇಳಿದಾಗ ಅದರದೇ ಜೋಡಿ ಸೇರಿಸುವುದು ಮೇಲು. ಅಂಗಡಿಯ ದಾಸ್ತಾನು ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಸ್ಟಿಕ್ಕಿನ ಮೇಲಿನ ಮಾಡೆಲ್ ನಂಬರನ್ನು ಜಿಎಸ್‌ಟಿ ಬಿಲ್ಲಿನಲ್ಲೇ ಬರೆಸಿಕೊಂಡರೆ ಅದೇ ವೇಗದ, ಅದೇ ಟೈಮಿಂಗಿನ ಇನ್ನೊಂದನ್ನು ಹುಡುಕುವುದು ಸುಲಭವಾಗುತ್ತದೆ.